ನಾಕೆ ಇಲ್ಲದ ಹೊಳೆ: 1948ರ ಕೆಲವು ನೆನಪುಗಳು

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಐವತ್ತು ವರ್ಷ ತುಂಬಿದ ಶಾಲೆಯ ಹಬ್ಬದಲ್ಲಿ ನಾಲ್ಕು ಮಾತು ಆಡಬೇಕೆಂದು ಸಮಿತಿಯವರು ಮನೆಗೆ ಬಂದು ಕೇಳಿದರು. ಶಾಲೆಯ ಇತಿಹಾಸವನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿದ್ದಾರೆ. ನಾನು ಈ ಶಾಲೆಯಲ್ಲಿ ಪಾಠ ಹೇಳಿದ್ದು ಕೆಲವೇ ವರ್ಷ. ಆದರೆ ಈ ಊರಿನಲ್ಲಿ ಹುಟ್ಟಿ ಎಂಬತ್ತು ಮಳೆಗಾಲ ಕಂಡಿದ್ದೇನೆ. "ಮಾಸ್ತರೇ, ನಿಜಾಮನ ಕಾಲದ್ದು, ರಜಾಕಾರರ ಗಲಾಟೆಯದ್ದು ಹೇಳ್ರಿ. ಅದನ್ನು ಕಂಡವರು ಊರಾಗ ಈಗ ಎಷ್ಟು ಮಂದಿ ಉಳಿದಾರ?" ಎಂದು ಒಬ್ಬ ಹಳೆಯ ವಿದ್ಯಾರ್ಥಿ ಕೇಳಿದ. ಅವನ ಮಾತಿಗೆ ಒಪ್ಪಿ ಬಂದಿದ್ದೇನೆ. ನಾನು ಹೇಳುವುದು 1948ನೇ ಇಸವಿಯ ಮಾತು. ಆಗ ನನಗೆ ಹನ್ನೊಂದು ವರ್ಷ.

ಮಕ್ಕಳೇ, ಮೊದಲು ನೀವು ಒಂದು ವಿಷಯ ತಿಳಿದುಕೊಳ್ಳಬೇಕು. ನಮ್ಮ ಸೀಮೆ ಎರಡು ಹೊಳೆಗಳ ನಡುವಿನದು. ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ. ಇದಕ್ಕೆ ರಾಯಚೂರು ದೋಆಬ್ ಎನ್ನುತ್ತಾರೆ. ಈ ನೆಲಕ್ಕಾಗಿ ಬಹಮನಿಯವರೂ ವಿಜಯನಗರದವರೂ ಎಷ್ಟು ಸಲ ಕಾದಾಡಿದರು ಎಂಬುದನ್ನು ನಿಮ್ಮ ಸಮಾಜ ಪುಸ್ತಕದಲ್ಲಿ ಓದಿದ್ದೀರಿ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದದ್ದೂ ನಿಮಗೆ ಗೊತ್ತು. ಇಂದು ನಿಮಗೆ ಗಡಿ ಎಂದರೆ ಕೃಷ್ಣೆ. ಸೇತುವೆ ದಾಟಿದರೆ ತೆಲಂಗಾಣ. ನನ್ನ ಬಾಲ್ಯದಲ್ಲಿ ಹಾಗಿರಲಿಲ್ಲ. ಕೃಷ್ಣೆಯ ಎರಡೂ ದಂಡೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಗಡಿ ಇದ್ದದ್ದು ತುಂಗಭದ್ರೆಯಲ್ಲಿ. 1800ರಲ್ಲಿ ಅಂದಿನ ನಿಜಾಮರು ಬಳ್ಳಾರಿ, ಕಡಪ ಮೊದಲಾದ ಸೀಮೆಗಳನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟರು. ಅಂದಿನಿಂದ ಹೊಳೆಯ ಆಚೆ ದಂಡೆ ಮದ್ರಾಸಿನವರದು, ಈಚೆ ದಂಡೆ ನಿಜಾಮರದು. ಆಚೆಯೂ ಕನ್ನಡ ಮಾತಾಡುವವರು, ಈಚೆಯೂ ಕನ್ನಡ ಮಾತಾಡುವವರು. ಹೆಣ್ಣು ಕೊಟ್ಟು ತರುವುದೂ ನಡೆದಿತ್ತು. ನನ್ನ ಅವ್ವ ಆಚೆ ದಂಡೆಯವಳು, ಆದೋನಿಯವಳು. ನಮ್ಮ ಹಿರಿಯರ ಬಾಯಲ್ಲಿ ಅದು ಆದವಾನಿ.

ಗಡಿ ಎಂದರೆ ಬರೀ ಹೆಸರಲ್ಲ. ಹೊಳೆಯ ಕಟ್ಟೆಯ ಮೇಲೆ ಕರೋಡಗಿರಿ ನಾಕೆ ಇರುತ್ತಿತ್ತು. ಕರೋಡಗಿರಿ ಎಂದರೆ ಸಂಸ್ಥಾನದ ಸುಂಕದ ಇಲಾಖೆ. ಬಟ್ಟೆ, ಬೆಲ್ಲ, ತಾಮ್ರದ ಪಾತ್ರೆ, ಏನು ತಂದರೂ ಗಂಟು ಬಿಚ್ಚಿ ತೋರಿಸಿ ಸುಂಕ ಕಟ್ಟಬೇಕು. ಹಣವೂ ಬೇರೆ. ನಮ್ಮದು ಹಾಲಿ ಸಿಕ್ಕಾ, ಆಚೆಯದು ಕಲ್ದಾರ್. ಏಳು ಹಾಲಿ ರೂಪಾಯಿ ಕೊಟ್ಟರೆ ಆರು ಕಲ್ದಾರ್ ಬರುತ್ತಿತ್ತು. ಅವ್ವನ ತವರಿನಿಂದ ಯಾರಾದರೂ ಬಂದರೆ ನಾವು ಮಕ್ಕಳು ಮೊದಲು ಕೇಳುತ್ತಿದ್ದದ್ದು ಕಲ್ದಾರ್ ಆಣೆಯನ್ನು. ನಮ್ಮ ಆಣೆಗಿಂತ ಅದು ತೂಕದ್ದು ಎಂಬ ನಂಬಿಕೆ.

ಸರ್ಕಾರದ ಭಾಷೆ ಉರ್ದು. ಪಹಣಿ, ಪಾವತಿ, ಕೋರ್ಟಿನ ಕಾಗದ ಎಲ್ಲ ಉರ್ದುವಿನಲ್ಲಿ. ಮೇಲಿನ ತರಗತಿಗಳ ಪಾಠವೂ ಉರ್ದುವಿನಲ್ಲಿ. ನಮ್ಮೂರಿನಲ್ಲಿ ನಾನು ಕಲಿತದ್ದು ಎರಡು ಕಡೆ. ಮುಂಜಾನೆ ಐನೋರ ಹತ್ತಿರ ಮರಳಿನ ಮೇಲೆ ಬೆರಳಿಟ್ಟು ಕನ್ನಡ ಅಕ್ಷರ. ಆಮೇಲೆ ಸರ್ಕಾರಿ ಶಾಲೆಯಲ್ಲಿ ಉರ್ದು ಮತ್ತು ಲೆಕ್ಕ. ಆ ಸರ್ಕಾರಿ ಶಾಲೆಯ ಮಾಸ್ತರರ ಕತೆಯನ್ನೇ ನಾನು ಇಂದು ಮುಖ್ಯವಾಗಿ ಹೇಳಬೇಕಾಗಿದೆ. ಅವರ ಹೆಸರು ಹೇಳುವುದಿಲ್ಲ. ತಮ್ಮ ಹೆಸರನ್ನು ಯಾವ ಸಭೆಯಲ್ಲೂ ಎತ್ತಬಾರದೆಂದು ಅವರೇ ನನಗೆ ಹೇಳಿದ್ದರು. ಊರಿನ ಹಿರಿಯರಿಗೆ ಅವರು ಯಾರೆಂದು ತಿಳಿಯುತ್ತದೆ, ಅಷ್ಟು ಸಾಕು. ಎತ್ತರದ ಆಳು, ಕಪ್ಪು ಟೋಪಿ, ಕೈಯಲ್ಲಿ ಬೇವಿನ ಕಡ್ಡಿ. ನಮ್ಮ ಮನೆಗೂ ಅವರ ಮನೆಗೂ ನಡುವೆ ನಾಲ್ಕು ಮನೆ. ಮೊಹರಂ ಬಂದರೆ ನಮ್ಮಪ್ಪ ಅವರ ಜೊತೆ ಪೀರಲ ದೇವರ ಮುಂದೆ ನಿಲ್ಲುವರು. ಸೂಗೂರೇಶ್ವರನ ಜಾತ್ರೆಗೆ ಅವರು ತಮ್ಮ ಎತ್ತುಗಳನ್ನು ಬಂಡಿಗೆ ಕೊಡುವರು.

1947ರ ಆಗಸ್ಟ್ 15ಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂತು. ನಮಗೆ ಬರಲಿಲ್ಲ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಭಾರತಕ್ಕೂ ಸೇರಲಿಲ್ಲ, ಪಾಕಿಸ್ತಾನಕ್ಕೂ ಸೇರಲಿಲ್ಲ. ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಆಯಿತು. ಅತ್ತ ಸ್ವಾಮಿ ರಮಾನಂದ ತೀರ್ಥರ ಮುಂದಾಳುತನದಲ್ಲಿ ಸ್ಟೇಟ್ ಕಾಂಗ್ರೆಸ್ ಚಳವಳಿ, ಇತ್ತ ಕಾಸಿಂ ರಜ್ವಿಯ ರಜಾಕಾರ ದಳ. ಗಡಿಯ ಆಚೆ ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರ ಶಿಬಿರಗಳು ನಡೆದವು. ಮುಂಡರಗಿ ಶಿಬಿರವನ್ನು ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡ ಶಿಬಿರವನ್ನು ಪುಂಡಲೀಕಪ್ಪ ಜ್ಞಾನಮೋಠೆಯವರು ನಡೆಸಿದರು. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರು ಇವರಿಗೆಲ್ಲ ಮೊದಲೇ ಹೊಳೆ ದಾಟಿದವರು. ಆಚೆ ದಂಡೆಯ ತುಂಗಭದ್ರಾ ಊರಿನಲ್ಲಿ ಅವರು ಪ್ರೇಮಾಯತನ ಆಶ್ರಮ ಕಟ್ಟಿದ್ದರು. ಹೀಗೆ ನಮ್ಮ ಸೀಮೆಯವರಿಗೆ ಕಷ್ಟ ಬಂದಾಗ ತುಂಗಭದ್ರೆ ದಾಟುವುದು ಹೊಸದೇನೂ ಆಗಿರಲಿಲ್ಲ.

1948ರ ಬೇಸಿಗೆಗೆ ಹೆದರಿಕೆ ಮನೆಮನೆಗೆ ಬಂತು. ಮೇ ತಿಂಗಳಲ್ಲಿ ಬೀದರ್ ಸೀಮೆಯ ಗೋರಟಾದಲ್ಲಿ ಜನರನ್ನು ಕಡಿದರು. ಅದೇ ತಿಂಗಳು ಗಾಣಗಾಪುರ ನಿಲ್ದಾಣದಲ್ಲಿ ರೈಲಿನ ಮೇಲೆ ದಾಳಿ ಆಯಿತು. ಪೇಟೆಯಲ್ಲಿ ಉಪ್ಪು ಸಿಗುತ್ತಿರಲಿಲ್ಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಸಂಜೆಗೇ ಊಟ ಮುಗಿಸಿ ದೀಪ ಆರಿಸುತ್ತಿದ್ದರು. ಒಂದು ರಾತ್ರಿ ಪಕ್ಕದ ಹಳ್ಳಿಯಲ್ಲಿ ಬಣವೆಗಳು ಉರಿದದ್ದು ನಮ್ಮ ಮಾಳಿಗೆಯ ಮೇಲಿಂದ ಕಂಡಿತು. ಯಾರು ಹಚ್ಚಿದರೋ, ಕತ್ತಲಲ್ಲಿ ಬಂದವರಿಗೆ ಮುಖ ಇರುವುದಿಲ್ಲ. ಮರುದಿನ ಅಪ್ಪ ಅವ್ವನಿಗೆ ಹೇಳಿದರು: "ಗಂಟು ಕಟ್ಟು. ನಿನ್ನ ತವರಿಗೆ ಹೋಗಮು."

ಮಣ್ಣೆತ್ತಿನ ಅಮಾವಾಸ್ಯೆಯ ಹಿಂದುಮುಂದಿನ ದಿನ. ನಾನೂ ನನ್ನ ತಂಗಿಯೂ ಮಾಡಿದ್ದ ಮಣ್ಣಿನ ಎತ್ತುಗಳು ಇನ್ನೂ ಹಸಿ ಇದ್ದವು. ಅವನ್ನು ಬಿಟ್ಟು ಬರಲು ತಂಗಿ ಅತ್ತಳು. ಜೋಳ ತುಂಬಿದ ಹಗೇವಿನ ಬಾಯಿ ಮುಚ್ಚಿ, ಮೇಲೆ ಮಣ್ಣು ಸಾರಿಸಿ, ಅದರ ಮೇಲೆ ದನ ಕಟ್ಟುವ ಗೂಟ ಬಡಿದರು. ಎರಡು ರಾತ್ರಿ ಬಂಡಿಯಲ್ಲಿ ಪಯಣ. ರಾಯಚೂರು ಪೇಟೆಯೊಳಗೆ ಹೋಗದೆ ಹೊಲದ ದಾರಿಯಲ್ಲಿ ಸುತ್ತಿ, ಅಪ್ಪಣಾಚಾರ್ಯರ ಬಿಚ್ಚಾಲಿಯ ಹತ್ತಿರ ಹೊಳೆ ಸೇರಿದೆವು. ನಾಕೆಯ ದೀಪ ಕಾಣದ ಕಡೆ ಪುಟ್ಟಿ ಕಾಯುತ್ತಿತ್ತು. ಪುಟ್ಟಿ ಎಂದರೆ ಹರಿಗೋಲು, ಬಿದಿರು ಹೆಣೆದು ಚರ್ಮ ಹೊದಿಸಿದ್ದು. ಆಗ ಅಣೆಕಟ್ಟು ಇರಲಿಲ್ಲ. ಮೇಲೆ ಮಳೆಯಾದರೆ ಕೆಳಗೆ ಹೊಳೆ ತುಂಬುತ್ತಿತ್ತು. ಹೊಸ ನೀರು ಕೆಂಪಾಗಿ ಬರುತ್ತಿದ್ದ ಕಾಲ. ಪುಟ್ಟಿ ಸುತ್ತುತ್ತ ಸುತ್ತುತ್ತ ಹೋಯಿತು. ತಂಗಿ ಕೆಮ್ಮಿದಾಗ ಅವ್ವ ಸೆರಗಿನಿಂದ ಅವಳ ಬಾಯಿ ಒತ್ತಿ ಹಿಡಿದಳು. ಆಚೆ ದಂಡೆಯ ಉಸುಕಿನ ಮೇಲೆ ಕಾಲಿಟ್ಟಾಗ ಅಂಬಿಗ ಮೊದಲ ಸಲ ಗಟ್ಟಿಯಾಗಿ ಮಾತಾಡಿದ: "ಇನ್ನ ಕೆಮ್ಮಲಿ ಬಿಡವ್ವ."

ಆದೋನಿಯಲ್ಲಿ ಮೂರು ತಿಂಗಳು ಇದ್ದೆವು. ನಮ್ಮ ಸೋದರಮಾವನದು ಹತ್ತಿ ಗಿರಣಿಯಲ್ಲಿ ಕೆಲಸ. ಎರಡು ಅಂಕಣದ ಮನೆಯಲ್ಲಿ ನಾವು ಹನ್ನೊಂದು ಮಂದಿ. ಅಲ್ಲಿ ನಾನು ಕನ್ನಡ ಶಾಲೆಗೆ ಹೋದೆ. ನನ್ನ ಬಾಯಲ್ಲಿ ಬರುತ್ತಿದ್ದ ಉರ್ದು ಲೆಕ್ಕ ಕೇಳಿ ಹುಡುಗರು ನಗುತ್ತಿದ್ದರು. ಆಗಸ್ಟ್ 15ಕ್ಕೆ ಶಾಲೆಯ ಮುಂದೆ ಬಾವುಟ ಹಾರಿಸಿ ಎಲ್ಲರ ಕೈಗೂ ಪೆಪ್ಪರಮೆಂಟು ಕೊಟ್ಟರು. ಹಗಲು ಹೊತ್ತಿನಲ್ಲಿ, ಪೊಲೀಸರ ಎದುರಿಗೇ ಆ ಬಾವುಟ ಹಾರುವುದನ್ನು ನಾನು ಅಂದೇ ಮೊದಲು ಕಂಡದ್ದು. ಅಪ್ಪ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಿದ್ದರು.

ಸೆಪ್ಟೆಂಬರ್ 13, ಸೋಮವಾರ, ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನದೊಳಗೆ ನುಗ್ಗಿತು. ಅದಕ್ಕೆ ಪೊಲೀಸ್ ಕಾರ್ಯಾಚರಣೆ ಎಂದು ಹೆಸರಿಟ್ಟರು, ಆದರೆ ಹೋದದ್ದು ಟ್ಯಾಂಕು, ತೋಪುಗಳೊಂದಿಗೆ ಸೈನ್ಯವೇ. ಐದು ದಿನದಲ್ಲಿ ಮುಗಿಯಿತು. 17ರ ಶುಕ್ರವಾರ ಸಂಜೆ ನಿಜಾಮರು ರೇಡಿಯೋದಲ್ಲಿ ಕದನ ನಿಲ್ಲಿಸಿರುವುದಾಗಿ ಹೇಳಿದರು. ಮರುದಿನ ಅವರ ಸೇನಾಪತಿ ಎಲ್ ಎದ್ರೂಸ್, ಮೇಜರ್ ಜನರಲ್ ಜೆ.ಎನ್. ಚೌಧುರಿಯವರಿಗೆ ಶರಣಾದರು. ಗಿರಣಿಯ ಮಾಲೀಕರ ಮನೆಯ ರೇಡಿಯೋ ಮುಂದೆ ಬೀದಿ ತುಂಬ ಜನ. ನಮ್ಮ ಕಡೆಯಿಂದ ಬಂದವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಮಾವ ಬೆಲ್ಲ ಹಂಚಿದ. ಅವ್ವ ಮಾತ್ರ ಕೇಳಿದ್ದು ಒಂದೇ ಮಾತು: "ನಮ್ಮ ಮನಿ ಐತೋ ಇಲ್ಲೋ?"

ಮಹಾಲಯ ಅಮಾವಾಸ್ಯೆ ಕಳೆದು, ದಸರೆಗೆ ಇನ್ನೂ ಒಂದು ವಾರ ಇರುವಾಗ ವಾಪಸು ಹೊರಟೆವು. ಬಂದ ದಾರಿಯಲ್ಲೇ. ಈ ಸಲ ಹಗಲು. ಮಂತ್ರಾಲಯದ ಕಡೆಯ ದಂಡೆಯ ಮೇಲೆ ನೂರಾರು ಜನ. ಕುರಿಮರಿ ಹೆಗಲ ಮೇಲೆ ಹೊತ್ತವರು, ಬೀಸುಕಲ್ಲು ತಲೆಯ ಮೇಲೆ ಇಟ್ಟವರು, ಆಚೆ ಊರಿನಲ್ಲಿ ಹೆತ್ತ ಕೂಸನ್ನು ಎತ್ತಿಕೊಂಡ ಬಾಣಂತಿಯರು. ಅಂಬಿಗರು ಹಾಡು ಹೇಳುತ್ತಿದ್ದರು. ಮೂರು ತಿಂಗಳ ಹಿಂದೆ ಉಸಿರು ಬಿಗಿಹಿಡಿದು ದಾಟಿದ ಹೊಳೆಯ ಮೇಲೆ ಜನ ಕೂಗಿ ಕೂಗಿ ಮಾತಾಡುತ್ತಿದ್ದರು. ಅವ್ವ ಎರಡು ಸೇರು ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿ, ಹೊಟ್ಟೆಯ ಹತ್ತಿರ ಸೀರೆಯೊಳಗೆ ಬಿಗಿದುಕೊಂಡಿದ್ದಳು. "ಈಗ ಯಾರು ಕೇಳ್ತಾರ?" ಎಂದು ಅಪ್ಪ ಎಷ್ಟು ಹೇಳಿದರೂ ಬಿಚ್ಚಲಿಲ್ಲ.

ಈಚೆ ದಂಡೆ ಹತ್ತಿ ನಾಕೆಯ ಮುಂದೆ ಬಂದೆವು. ಬಾಗಿಲು ಹಾರು ಹೊಡೆದಿತ್ತು. ಒಳಗೆ ಯಾರೂ ಇರಲಿಲ್ಲ. ಉರ್ದು ಅಕ್ಷರದ ವಹಿಗಳ ಹಾಳೆಗಳು ಅಂಗಳದಲ್ಲಿ ಹಾರಾಡುತ್ತಿದ್ದವು. ತಕ್ಕಡಿ ಒಂದು ಕಡೆ ಬಿದ್ದಿತ್ತು. ಒಂದು ಆಡು ಹಾಳೆ ಮೇಯುತ್ತಿತ್ತು. ಜನ ನಾಕೆಯ ಮುಂದೆ ಬಂದು ತಾವಾಗಿಯೇ ನಿಂತರು. ಯಾರೂ ನಿಲ್ಲಿಸಲಿಲ್ಲ, ಆದರೂ ನಿಂತರು. ಕೆಲವರು ಗಂಟನ್ನು ಕೆಳಗಿಟ್ಟು ಬಿಚ್ಚಲು ಕೈ ಹಾಕಿದರು. ಆಮೇಲೆ ಯಾರೋ ಒಬ್ಬರು ನಕ್ಕು ಮುಂದೆ ನಡೆದರು. ಅವರ ಹಿಂದೆ ಎಲ್ಲರೂ ನಡೆದರು. ನೂರಾನಲವತ್ತೆಂಟು ವರ್ಷದ ಗಡಿ ನನ್ನ ಕಣ್ಣೆದುರು ಮುಗಿದದ್ದು ಹೀಗೆ. ಕಾಗದದ ಮೇಲೆ ಅದು ಮುಗಿಯಲು ಇನ್ನೂ ಕೆಲವು ವರ್ಷ ಹಿಡಿಯಿತು. ಹಾಲಿ ಸಿಕ್ಕಾ ಕೂಡ ಐವತ್ತರ ದಶಕದವರೆಗೆ ಕೈಯಿಂದ ಕೈಗೆ ನಡೆದೇ ಇತ್ತು. ಆದರೆ ಜನರ ಮಟ್ಟಿಗೆ ಅದು ಅಂದೇ ಹೋಯಿತು. ಅವ್ವ ಅಲ್ಲಿಯೇ ಒಂದು ಕಲ್ಲಿನ ಮರೆಗೆ ಹೋಗಿ ಉಪ್ಪಿನ ಗಂಟು ಬಿಚ್ಚಿ ತಲೆಯ ಮೇಲೆ ಇಟ್ಟುಕೊಂಡು ಬಂದಳು.

ಇಲ್ಲಿಗೆ ನಿಲ್ಲಿಸಿದರೆ ಎಲ್ಲರಿಗೂ ಸಂತೋಷವಾಗುವ ಕತೆ. ಸೆಪ್ಟೆಂಬರ್ 17ರ ವಿಮೋಚನಾ ದಿನಾಚರಣೆಯ ಭಾಷಣಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಆದರೆ ನಾವು ಊರು ಮುಟ್ಟಲು ಇನ್ನೂ ಒಂದು ದಿನದ ದಾರಿ ಇತ್ತು. ಆ ದಾರಿಯಲ್ಲಿ ಕಂಡದ್ದನ್ನೂ ಹೇಳಬೇಕು.

ರಾಯಚೂರು ನಿಲ್ದಾಣದ ಹತ್ತಿರ ಬಂಡಿ ನಿಲ್ಲಿಸಿ ಎತ್ತುಗಳಿಗೆ ನೀರು ಕುಡಿಸಿದೆವು. ವಾಡಿ ಕಡೆಗೆ ಹೋಗುವ ರೈಲಿಗೆ ಜನ ಕಾಯುತ್ತಿದ್ದರು. ಬುರ್ಖಾ ಹಾಕಿದ ಹೆಂಗಸರು, ಮುದುಕರು, ಮಕ್ಕಳು. ತಾಮ್ರದ ಬಿಂದಿಗೆ, ಕಂಬಳಿ ಸುತ್ತಿದ ಹಾಸಿಗೆ, ಕೋಳಿ ಬುಟ್ಟಿ. ಯಾರೂ ಮಾತಾಡುತ್ತಿರಲಿಲ್ಲ. ಒಬ್ಬ ತಾಯಿ ಅಳುವ ಮಗುವಿನ ಬಾಯಿಗೆ ಓಢಣಿ ಒತ್ತಿ ಹಿಡಿದಿದ್ದಳು. ಅವ್ವ ಅದನ್ನು ನೋಡಿ ಅಪ್ಪನ ಕೈ ಹಿಡಿದು, "ಅಲ್ಲಿ ನೋಡ್ರಿ, ಗಂಟು ಕಟ್ಟಿದ್ದು ನೋಡ್ರಿ. ನಾವು ಕಟ್ಟಿದಂಗ ಕಟ್ಯಾರ" ಎಂದಳು. ಅಪ್ಪ ಏನೂ ಹೇಳಲಿಲ್ಲ.

ದೇವಸುಗೂರಿಗೆ ಬಂದೆವು. ಮನೆ ಇತ್ತು. ಬಾಗಿಲು ಇತ್ತು. ಆದರೆ ಬಾಗಿಲಿಗೆ ನಮ್ಮದಲ್ಲದ ಒಂದು ದೊಡ್ಡ ಬೀಗ ಜೋತಾಡುತ್ತಿತ್ತು. ಪಕ್ಕದ ಮನೆಯ ಮುದುಕಿ ಬಂದು ಹೇಳಿದಳು. ನಾವು ಹೋದ ಹದಿನೈದು ದಿನಕ್ಕೆ ಒಂದು ಗುಂಪು ಬಂದು ಖಾಲಿ ಮನೆಗಳನ್ನು ಹುಡುಕಿ ಒಡೆಯತೊಡಗಿತು. ಆಗ ಮಾಸ್ತರರು ತಮ್ಮ ಮನೆಯ ಬೀಗ ತಂದು ನಮ್ಮ ಬಾಗಿಲಿಗೆ ಹಾಕಿ, ಕಟ್ಟೆಯ ಮೇಲೆ ಕುಳಿತುಬಿಟ್ಟರು. "ಈ ಮನಿ ನನಗ ಒತ್ತಿ ಬಿದ್ದೈತಿ. ಇದು ನನ್ನ ಮನಿ. ನನ್ನ ಮನಿ ಹೆಂಗ ಒಡೀತೀರಿ?" ಎಂದು ಕೇಳಿದರು. ಗುಂಪು ಹೋಯಿತು. ಸುಳ್ಳು ನಿಜವಾಗಿ ಕಾಣಬೇಕಲ್ಲ, ಅದಕ್ಕೆ ಅವರು ಎರಡು ತಿಂಗಳು ರಾತ್ರಿ ಹೊತ್ತು ನಮ್ಮ ಕಟ್ಟೆಯ ಮೇಲೆಯೇ ಮಲಗಿದರು.

"ಈಗ ಎಲ್ಲಿ ಅವರು?" ಎಂದರು ಅಪ್ಪ. ಮುದುಕಿ ಹೊಳೆಯ ಕಡೆ ಕೈ ತೋರಿಸಿದಳು. ಸೈನ್ಯ ಬಂದ ಮೇಲೆ ಗಾಳಿ ತಿರುಗಿತ್ತು. ಯಾರೋ ನಾಲ್ಕು ಮಂದಿ ರಾತ್ರಿ ಅವರ ಮನೆಯ ಬಾಗಿಲು ಬಡಿದು, ಏನೇನೋ ಹೇಳಿ ಹೋಗಿದ್ದರು. ಮರುದಿನ ಅವರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಕೃಷ್ಣೆ ದಾಟಿ ಮಕ್ತಲ್ ಕಡೆಯ ಒಂದು ಹಳ್ಳಿಯಲ್ಲಿದ್ದ ನೆಂಟರ ಮನೆಗೆ ಹೋಗಿದ್ದರು. ಬಾಗಿಲು ಬಡಿದವರು ಯಾರೆಂದು ಅಪ್ಪನಿಗೆ ಆಮೇಲೆ ಗೊತ್ತಾಯಿತು. ನಮಗೆ ಕೊನೆಯವರೆಗೂ ಹೇಳಲಿಲ್ಲ.

ಕಾಕಾ ಕಬ್ಬಿಣದ ಹಾರೆ ತಂದ. "ಬೀಗ ಒಡೆದು ಒಳಗ ಹೋಗಮು. ಹೆಣ್ಣುಮಕ್ಕಳು ಎಷ್ಟು ದಿನ ಹೊರಗ ಮಲಗಬೇಕು?" ಅಪ್ಪ ಒಪ್ಪಲಿಲ್ಲ. "ಎರಡು ತಿಂಗಳು ಆ ಬೀಗ ಕಾಯ್ದ ಮನುಷ್ಯ ಅವ. ಅವ ಹಾಕಿದ ಬೀಗ ಅವನೇ ತೆಗೀಬೇಕು." ಹೀಗೆ, ಸ್ವಂತ ಮನೆಗೆ ಬಂದ ನಾವು ಒಂದು ವಾರ ಸ್ವಂತ ಕಟ್ಟೆಯ ಮೇಲೆ ಅಡುಗೆ ಮಾಡಿಕೊಂಡು ಉಂಡು ಮಲಗಿದೆವು. ಊರವರು ನಕ್ಕರು. ಕಾಕಾ ಮಾತು ಬಿಟ್ಟ.

ಆ ವರ್ಷ ದಸರೆಯ ಬೆನ್ನಿಗೇ ಬಕ್ರೀದ್ ಬಂದಿತ್ತು. ವಿಜಯದಶಮಿಯ ಸಂಜೆ ಅಪ್ಪ ಬನ್ನಿ ಗಿಡಕ್ಕೆ ಹೋಗಿ ಎಲೆ ತಂದು, ಊರವರಿಗೆ ಕೊಟ್ಟು ಉಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರು. ಮರುದಿನ ನಸುಕಿನಲ್ಲಿ ಬಂಡಿ ಕಟ್ಟಿ ನನ್ನನ್ನೂ ಕೂಡಿಸಿಕೊಂಡರು. "ಹುಡುಗ ಇದ್ದರ ಅವರಿಗೆ ನಂಬಿಕಿ ಬರತೈತಿ" ಎಂದು ಅವ್ವನಿಗೆ ಹೇಳಿದರು. ನಿಜಾಮರು ಕಟ್ಟಿಸಿದ ಕೃಷ್ಣಾ ಸೇತುವೆಯ ಮೇಲೆ ಬಂಡಿ ಹೋಗುವಾಗ ನಮ್ಮ ಎತ್ತಿನ ಗೊರಸಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆ ದಿನ ಸೇತುವೆಯ ಮೇಲೆ ನಾಕೆಯೂ ಇರಲಿಲ್ಲ, ಗಡಿಯೂ ಇರಲಿಲ್ಲ. ಆದರೂ ಬಿಚ್ಚಾಲಿಯಲ್ಲಿ ಕತ್ತಲಲ್ಲಿ ಹೊಳೆ ದಾಟಿದಾಗ ಆಗದಷ್ಟು ಹೆದರಿಕೆ ನನಗೆ ಆಯಿತು. ಎದುರಿಗೆ ಬಂದವರು ನಮ್ಮನ್ನು ನೋಡಿ ದಾರಿಯ ಅಂಚಿಗೆ ಸರಿಯುತ್ತಿದ್ದರು. ನಮಗೆ ಹೆದರುವವರೂ ಇದ್ದಾರೆ ಎಂಬುದು ನನಗೆ ತಿಳಿದದ್ದು ಅಂದು.

ಮಾಸ್ತರರು ನಮ್ಮನ್ನು ಕಂಡು ಮೊದಲು ಬಾಗಿಲಲ್ಲೇ ನಿಂತರು. ಅಪ್ಪ ಬಟ್ಟೆ ಬಿಚ್ಚಿ ಬನ್ನಿ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು, "ಮಾಸ್ತರ್, ಬನ್ನಿ ತಗೊಂಡು ಬಂಗಾರದಂಗ ಇರಮು" ಎಂದರು. ವರ್ಷ ವರ್ಷ ಹೇಳುವ ಮಾತೇ ಅದು. ಅವರು ಎಲೆ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಒಳಗೆ ಹೋಗಿ ಬೀಗದ ಕೈ ತಂದು ಅಪ್ಪನ ಮುಂದಿಟ್ಟರು. "ನನ್ನ ಹತ್ತಿರ ಉಳಕೊಂಡಿತ್ತು. ಯಾರ ಕೈಯಾಗ ಕಳಿಸಬೇಕು ಅಂತ ತಿಳೀಲಿಲ್ಲ" ಎಂದರು. ಅಪ್ಪ ಅದನ್ನು ಮುಟ್ಟಲಿಲ್ಲ. "ನೀವು ಬಂದು ತೆಗೀರಿ" ಎಂದರು.

"ನನಗ ಹೆದರಿಕಿ ಇಲ್ಲ. ಹೆಣ್ಣುಮಕ್ಕಳು ಹೆದರ್ಯಾರ" ಎಂದರು ಮಾಸ್ತರರು. ಅಷ್ಟಕ್ಕೆ ಅವರ ಹೆಂಡತಿ ಪರದೆಯ ಹಿಂದಿನಿಂದ ಹೇಳಿದರು: "ಅವರಿಗೂ ಹೆದರಿಕಿ ಐತಿ, ಹೇಳೋದಿಲ್ಲ ಅಷ್ಟೆ." ಎಲ್ಲರೂ ಸ್ವಲ್ಪ ನಕ್ಕೆವು. ಹಬ್ಬದ ಶೀರಖುರ್ಮಾ ಕೊಟ್ಟರು, ಉಂಡೆವು. ಅಂದು ಅವರು ಬರಲಿಲ್ಲ. ಅಪ್ಪ ಕೊನೆಗೆ ಬೀಗದ ಕೈ ತೆಗೆದುಕೊಂಡರು. ಆದರೆ, "ನಿಮ್ಮ ಬೀಗ ನನ್ನ ಹತ್ತಿರ ಇರತೈತಿ. ನಿಮ್ಮ ಮನಿಗೆ ಅದನ್ನ ಹಾಕಿ ನಾನು ಕಾಯ್ತೀನಿ" ಎಂದು ಹೇಳಿ ಬಂದರು. ಹಾಗೆಯೇ ಮಾಡಿದರು. ಆ ಚಳಿಗಾಲವೆಲ್ಲ ಅಪ್ಪ ಮಲಗಿದ್ದು ಮಾಸ್ತರರ ಮನೆಯ ಕಟ್ಟೆಯ ಮೇಲೆ. ಇದಕ್ಕೆ ಕಾಕಾ ಮತ್ತೆ ಮಾತು ಬಿಟ್ಟ.

ಮಾಸ್ತರರು 1949ರ ಯುಗಾದಿಗೆ ಊರಿಗೆ ಬಂದರು. ಎಲ್ಲರೂ ಹಾಗೆ ಬರಲಿಲ್ಲ, ಬರುವುದಕ್ಕೆ ಎಲ್ಲರೂ ಉಳಿದಿರಲೂ ಇಲ್ಲ. ಪೊಲೀಸ್ ಕಾರ್ಯಾಚರಣೆಯ ನಂತರ ನಡೆದದ್ದನ್ನು ತಿಳಿಯಲು ಭಾರತ ಸರ್ಕಾರವೇ ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಮುಂತಾದವರನ್ನು ಕಳಿಸಿತ್ತು. ಅವರು ಸಂಸ್ಥಾನದ ಜಿಲ್ಲೆಗಳಲ್ಲಿ ತಿರುಗಿ ವರದಿ ಬರೆದರು. ಸತ್ತವರು 27,000ದಿಂದ 40,000 ಇರಬಹುದೆಂದು ಆ ವರದಿ ಅಂದಾಜು ಮಾಡಿದೆ. ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಹೆಚ್ಚು ನೊಂದ ಜಿಲ್ಲೆಗಳು. ನೆರೆಹೊರೆಯ ಹಿಂದೂಗಳು ಜೀವ ಒತ್ತೆಯಿಟ್ಟು ಕಾಪಾಡಿದ ಸಂಗತಿಗಳನ್ನೂ ಅದು ಬರೆದಿದೆ. ಆ ವರದಿ ಬಹುಕಾಲ ಜನರ ಕೈಗೆ ಸಿಗಲೇ ಇಲ್ಲ. ರಜಾಕಾರರು ಮಾಡಿದ ಹಿಂಸೆಯನ್ನು ನಾವು ಮರೆಯಬೇಕಿಲ್ಲ. ಅದನ್ನು ಅನುಭವಿಸಿಯೇ ನಮ್ಮ ಮನೆಯವರು ಕತ್ತಲಲ್ಲಿ ಹೊಳೆ ದಾಟಿದರು. ಆದರೆ ಒಂದು ಕಡೆಯ ನೋವು ಹೇಳಿ ಇನ್ನೊಂದು ಕಡೆಯದನ್ನು ನುಂಗಿದರೆ, ಅದು ಅರ್ಧ ಲೆಕ್ಕ. ಶಾಲೆಯಲ್ಲಿ ಅರ್ಧ ಲೆಕ್ಕಕ್ಕೆ ನಾವು ಅಂಕ ಕೊಡುವುದಿಲ್ಲ.

ಇನ್ನು ಶಾಲೆಯ ಮಾತು. ಸಂಸ್ಥಾನ ಹೋದ ಮೇಲೆ ನಮ್ಮ ಜಿಲ್ಲೆಗಳ ಶಾಲೆಗಳಿಗೆ ಕನ್ನಡ ಬಂತು. ಧಾರವಾಡದ ಕಡೆಯಿಂದ, ಮೈಸೂರಿನ ಕಡೆಯಿಂದ ಕನ್ನಡ ಬಲ್ಲ ಮಾಸ್ತರರು ಬಂದರು. ನಮಗೆ ಹಬ್ಬ. ಆದರೆ ಉರ್ದುವಿನಲ್ಲೇ ಕಲಿತು ಉರ್ದುವಿನಲ್ಲೇ ಕಲಿಸಿದವರ ಪಾಡೇನು? ನಮ್ಮ ಮಾಸ್ತರರಿಗೆ ಮನೆಯಲ್ಲಿ, ಬೀದಿಯಲ್ಲಿ ಕನ್ನಡ ನೀರು ಕುಡಿದಷ್ಟು ಸಲೀಸು. ಬರೆಯಲು ಮಾತ್ರ ಬಾರದು. ಒಂದು ಸಂಜೆ ಅವರು ನಮ್ಮ ಮನೆಗೆ ಬಂದು, ಅಪ್ಪನ ಹತ್ತಿರ ಅಲ್ಲ, ನನ್ನ ಹತ್ತಿರ ಕುಳಿತರು. ಚೀಲದಿಂದ ಪಾಟಿ ತೆಗೆದರು. "ಬರಿ, ಬೇಟಾ. ಅ ಅಂತ ಬರಿ. ನಾನು ತಿದ್ದತೀನಿ" ಎಂದರು.

ನಲವತ್ತು ದಾಟಿದ ಮನುಷ್ಯ. ನನಗೆ ಹನ್ನೆರಡು. ಬೇವಿನ ಕಡ್ಡಿಯಿಂದ ನನ್ನ ಕೈಗೆ ಹೊಡೆದಿದ್ದವರು. ಬಲದಿಂದ ಎಡಕ್ಕೆ ಬರೆದು ರೂಢಿಯಾದ ಕೈ ಎಡದಿಂದ ಬಲಕ್ಕೆ ಹೊರಳುತ್ತಿರಲಿಲ್ಲ. ಒತ್ತಕ್ಷರ ಬಂದಾಗ ಅವರಿಗೆ ಬೆವರು. "ಈ ನಿಮ್ಮ ಅಕ್ಷರ ಒಂದರ ಕಾಲ ಕೆಳಗ ಒಂದು ಯಾಕ ಕೂಡ್ತಾವೋ? ಬಾಜೂ ಕೂಡಾಕ ಜಾಗ ಇಲ್ಲೇನು?" ಎಂದು ನಗುತ್ತಿದ್ದರು. ತಪ್ಪು ಬರೆದಾಗ ಅಂಗೈ ಮುಂದೆ ಚಾಚಿ, "ಹೊಡಿ, ಗುರುಗಳು ನೀವು" ಎನ್ನುತ್ತಿದ್ದರು. ಎರಡು ಮಳೆಗಾಲ ಹೀಗೆ ನಡೆಯಿತು. ಅವರು ಇಲಾಖೆಯ ಕನ್ನಡ ಪರೀಕ್ಷೆ ಪಾಸಾದರು. ನಿವೃತ್ತರಾಗುವವರೆಗೆ ಕನ್ನಡದಲ್ಲೇ ಲೆಕ್ಕ ಕಲಿಸಿದರು. ಈ ಸಭೆಯಲ್ಲಿ ಕುಳಿತ ಕೆಲವು ಅಜ್ಜಂದಿರಿಗೆ ಮಗ್ಗಿ ಹೇಳಿಕೊಟ್ಟವರು ಅವರೇ. ಮುಂದೆ ನಾನು ಮಾಸ್ತರನಾಗಿ ಸಾವಿರಾರು ಮಕ್ಕಳಿಗೆ ಅಕ್ಷರ ಹೇಳಿಕೊಟ್ಟೆ. ನನ್ನ ಮೊದಲ ವಿದ್ಯಾರ್ಥಿ ಮಾತ್ರ ನನ್ನ ಗುರುಗಳೇ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವೇ ಇಲ್ಲವಾಯಿತು. ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ನಮ್ಮ ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಕ್ಕೆ ಹೋದವು. ಅದಕ್ಕೆ ಮೊದಲೇ, 1953ರಲ್ಲಿ, ಬಳ್ಳಾರಿ ಸೀಮೆ ಒಡೆದು ಆದೋನಿ ಆಂಧ್ರಕ್ಕೆ ಸೇರಿತ್ತು. ಅವ್ವ ಇದನ್ನೆಲ್ಲ ಕೇಳಿ, "ಹೊಳಿ ಇದ್ದಲ್ಲೇ ಐತಿ, ಗಡಿಗೆ ಮಾತ್ರ ಕಾಲು ಬಂದಾವ" ಎಂದಳು. ಅಂದಿನಿಂದ ನಮ್ಮ ಬಾಗಿಲಿನ ಕೃಷ್ಣೆಯೇ ಗಡಿಯಾಯಿತು. 2014ರ ಜೂನ್ 2ರಿಂದ ಆಚೆ ದಂಡೆ ತೆಲಂಗಾಣ. ಆದರೂ ದಿನಾಲು ಎಷ್ಟು ಜನ ಸೇತುವೆ ದಾಟಿ ಹೋಗಿ ಬರುತ್ತೀರಿ! ಸಂಬಂಧ, ಸಂತೆ, ಸೂಗೂರೇಶ್ವರನ ಭಕ್ತರು, ಯಾವುದೂ ನಿಂತಿಲ್ಲ. 1985ರಲ್ಲಿ ಶಕ್ತಿನಗರದ ವಿದ್ಯುತ್ ಸ್ಥಾವರದ ಮೊದಲ ಘಟಕ ಶುರುವಾದ ಮೇಲೆ ನಾಡಿನ ಎಲ್ಲ ಕಡೆಯ ಜನ ಇಲ್ಲಿಗೆ ಬಂದು ನೆಲೆಸಿದರು. ಅವರ ಮಕ್ಕಳೂ ನಮ್ಮ ಮಕ್ಕಳ ಜೊತೆ ಕುಳಿತು ಕಲಿತರು.

ಹಿಂದುಳಿದ ಸೀಮೆ ಎಂದು ನಮಗೆ ಸಂವಿಧಾನದ 371(ಜೆ) ಬಂದಿದೆ. ಅದರಿಂದ ನಿಮಗೆ ಸೀಟು ಸಿಗುತ್ತದೆ, ನೌಕರಿ ಸಿಗುತ್ತದೆ, ಬಹಳ ಒಳ್ಳೆಯದು. ನಾವು ಯಾಕೆ ಹಿಂದುಳಿದೆವು ಎಂಬುದನ್ನೂ ತಿಳಿದುಕೊಳ್ಳಿ. ಒಂದು ತಲೆಮಾರು ಒಂದು ಭಾಷೆಯಲ್ಲಿ ಕಲಿತು, ಇನ್ನೊಂದು ಭಾಷೆಯಲ್ಲಿ ಬದುಕಬೇಕಾಯಿತು. ನಮಗೆ ಹೈಸ್ಕೂಲು ಎಂದರೆ ರಾಯಚೂರು, ಹತ್ತು-ಹನ್ನೆರಡು ಮೈಲಿ ದೂರ. ಹೆಣ್ಣುಮಕ್ಕಳಿಗಂತೂ ಅದು ಸೀಮೋಲ್ಲಂಘನವೇ. ನನ್ನ ತಂಗಿ ನಾಲ್ಕನೇ ಇಯತ್ತೆಗೆ ಬಿಟ್ಟಳು, ಅವಳ ಮೊಮ್ಮಗಳು ಇದೇ ಶಾಲೆಯಲ್ಲಿ ಹತ್ತನೇ ತರಗತಿ ಪಾಸಾದಳು. ಊರಲ್ಲೇ ಸರ್ಕಾರಿ ಹೈಸ್ಕೂಲು ಇದ್ದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಮನೆಯ ಈ ಲೆಕ್ಕ ಸಾಕು.

ಕೊನೆಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ, ಮಾಸ್ತರನಾದವನು ಮನೆಗೆಲಸ ಕೊಡದೆ ಬಿಡಬಾರದು. ಈ ವರ್ಷ ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳು ಊರಿನ ಪ್ರತಿ ಹಿರಿಯರ ಹತ್ತಿರ ಹೋಗಿ ಕುಳಿತು, ಅವರು ಕಂಡದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಹಿಂದೂಗಳ ಓಣಿಗೂ ಹೋಗಿ, ಮುಸಲ್ಮಾನರ ಓಣಿಗೂ ಹೋಗಿ, ಕೇರಿಗೂ ಹೋಗಿ, ಅಂಬಿಗರ ಮನೆಗೂ ಹೋಗಿ. ಮುಖ್ಯವಾಗಿ ಅಜ್ಜಿಯರನ್ನು ಕೇಳಿ. ಗಂಡಸರು ಯಾರು ಗೆದ್ದರು ಎಂದು ಹೇಳುತ್ತಾರೆ, ಉಪ್ಪು ಎಷ್ಟಕ್ಕೆ ಸಿಕ್ಕಿತು ಎಂದು ಅಜ್ಜಿಯರೇ ಹೇಳಬೇಕು. ಬರೆದದ್ದನ್ನು ಶಾಲೆಯ ಗ್ರಂಥಾಲಯದಲ್ಲಿ ಇಡಿ. ಶತಮಾನೋತ್ಸವ ಬಂದಾಗ ನಾವು ಯಾರೂ ಇರುವುದಿಲ್ಲ. ಆ ವಹಿ ಇರುತ್ತದೆ. ಅದರಲ್ಲಿ ಎರಡು ಓಣಿಯ ಲೆಕ್ಕವೂ ಇರಲಿ.